ಬಾಯ್ಲರ್ ದಕ್ಷತೆಯನ್ನು ನಾವೇ ಅಳೆಯುವುದು ಹೀಗೆ

ರಬಕವಿ-ಬನಹಟ್ಟಿಯ ಬಣ್ಣ ಹಾಕುವ ಡೈಯಿಂಗ್ ಯುನಿಟ್‌ನಲ್ಲಿರುವ ನಮ್ಮ ಬಾಯ್ಲರ್ ಗಂಟೆಗೆ ಒಂದು ಟನ್ ಉಗಿ ಕೊಡುವಂಥದ್ದು. ಉರುವಲು ಕಬ್ಬಿನ ಸಿಪ್ಪೆಯನ್ನು ಒತ್ತಿ ಮಾಡಿದ ಗಟ್ಟಿ, ಅಂದರೆ ಬ್ರಿಕೆಟ್. ಕಂಪನಿ ಕೊಟ್ಟ ಕಾಗದದಲ್ಲಿರುವ ದಕ್ಷತೆ ಹೊಸ ಬಾಯ್ಲರ್‌ನದು, ಒಣ ಉರುವಲಿನದು. ದಿನದ ಖರ್ಚು ತಿಳಿಯಬೇಕಾದರೆ ಐಎಸ್ 8753 ಎಂಬ ಭಾರತೀಯ ಮಾನಕದ ನೇರ ವಿಧಾನದಲ್ಲಿ ನಾವೇ ಅಳೆಯಬೇಕು. ಉಗಿಗೆ ಸೇರಿದ ಶಾಖವನ್ನು ಉರುವಲಿನ ಶಾಖದಿಂದ ಭಾಗಿಸಿದರೆ ಮುಗಿಯಿತು.

ನೀರಿನ ಮೀಟರ್ ಇಲ್ಲದಿದ್ದರೂ ನಡೆಯುತ್ತದೆ. ಬಾಯ್ಲರ್‌ಗೆ ನೀರು ಕೊಡುವ ಫೀಡ್ ಟ್ಯಾಂಕ್ ಒಳಗಿನ ಅಳತೆ 2 ಮೀ. × 1.5 ಮೀ., ಹಾಗಾಗಿ ಒಂದು ಸೆಂ.ಮೀ. ಇಳಿದರೆ 30 ಲೀಟರ್. ಎಂಟು ಗಂಟೆಯಲ್ಲಿ ಒಟ್ಟು 163 ಸೆಂ.ಮೀ. ಇಳಿದಿತ್ತು (ನಡುವೆ ತುಂಬಿಸುವಾಗ ಪಂಪ್ ಬಂದ್). 60 ಡಿಗ್ರಿಯ ನೀರು ಲೀಟರಿಗೆ 983 ಗ್ರಾಂ ತೂಗುವುದರಿಂದ ಇದು ಸುಮಾರು 4,800 ಕೆ.ಜಿ. ಏಳು ಕೆ.ಜಿ. (ಚದರ ಸೆಂ.ಮೀ.ಗೆ) ಒತ್ತಡದ ಉಗಿಯಲ್ಲಿ ಕೆ.ಜಿ.ಗೆ 661 ಕಿಲೋ ಕ್ಯಾಲರಿ. ನೀರಿನಲ್ಲಿ ಮೊದಲೇ ಇದ್ದ 60 ಕಳೆದರೆ 601. ತೂಗಿ ಹಾಕಿದ ಬ್ರಿಕೆಟ್ 1,050 ಕೆ.ಜಿ., ಪ್ರಯೋಗಾಲಯದ ವರದಿಯಂತೆ ಕೆ.ಜಿ.ಗೆ 3,900 ಕಿಲೋ ಕ್ಯಾಲರಿ. ಲೆಕ್ಕ ಹಾಕಿದರೆ ಶೇ. 70.

ತಪ್ಪುವುದು ಹೆಚ್ಚಾಗಿ ಶುರುವಿನಲ್ಲಿ ಮತ್ತು ಕೊನೆಯಲ್ಲಿ. ಗೇಜ್ ಗ್ಲಾಸಿನ (ಬಾಯ್ಲರ್ ಒಳಗಿನ ನೀರಿನ ಮಟ್ಟ ತೋರುವ ಗಾಜಿನ) ನೀರು, ಒತ್ತಡ, ಒಲೆಯ ಕೆಂಡ ಮೂರೂ ಎರಡೂ ಹೊತ್ತು ಒಂದೇ ಮಟ್ಟದಲ್ಲಿರಬೇಕು. ನಮ್ಮದರಲ್ಲಿ ಗ್ಲಾಸಿನ ಒಂದು ಇಂಚು ಅಂದರೆ ಸುಮಾರು 80 ಲೀಟರ್. ಅಷ್ಟಕ್ಕೇ ಉತ್ತರ ಶೇ. 1ಕ್ಕಿಂತ ಹೆಚ್ಚು ಆಚೀಚೆ ಆಗುತ್ತದೆ. ಉಗಿಯ ಜೊತೆ ನೀರು ಹಾರಿ ಹೋಗುತ್ತಿದ್ದರೆ ದಕ್ಷತೆ ಸುಳ್ಳೇ ಏರಿದಂತೆ ಕಾಣುತ್ತದೆ. ಬ್ಲೋಡೌನ್, ಅಂದರೆ ಬಾಯ್ಲರ್‌ನ ಕೊಳೆ ನೀರು ಹೊರಬಿಡುವುದನ್ನು, ಪರೀಕ್ಷೆಗೆ ಮೊದಲೇ ಮುಗಿಸಿ. ಮಾನಕ ಅದನ್ನು ನಷ್ಟವೆಂದು ಹಿಡಿಯುವುದಿಲ್ಲ, ಬ್ರಿಕೆಟ್ ಬಿಲ್ಲು ಮಾತ್ರ ಹಿಡಿಯುತ್ತದೆ!

ಇನ್ನು ಹೊಗೆ. ಹೊಗೆ ಹಾಯುವ ಕೊಳವೆ ಉಜ್ಜಿದ ಮರುದಿನ ನಮ್ಮಲ್ಲಿ ಹೊಗೆಯ ಉಷ್ಣತೆ 220 ಡಿಗ್ರಿ. 260 ದಾಟಿತೆಂದರೆ ಮತ್ತೆ ಬ್ರಷ್ ಹಾಕುತ್ತೇವೆ, ಏಕೆಂದರೆ ಸುಮಾರು 22 ಡಿಗ್ರಿಗೆ ಶೇ. 1ರಷ್ಟು ದಕ್ಷತೆ ಹೋಗುತ್ತದೆ. ಮಸಿ ತೆಗೆದರೂ ಇಳಿಯದಿದ್ದರೆ ನೀರಿನ ಬದಿಯಲ್ಲಿ ಸುಣ್ಣ ಕಟ್ಟಿದೆ ಅಂತಲೇ ಅನುಮಾನಿಸಿ. ನೀರಿನ ಗಡಸುತನ ತೆಗೆಯುವ ಸಾಫ್ಟನರ್‌ಗೆ ಉಪ್ಪು ಯಾವಾಗ ಹಾಕಿದ್ದು ಎಂದು ಕೇಳಿ. ಸಾಫ್ಟನರ್ ನೀರಿನ ಗಡಸುತನ 5 ಪಿಪಿಎಂ ಒಳಗೆ, ಬಾಯ್ಲರ್ ನೀರಿನ ಟಿಡಿಎಸ್ (ಕರಗಿದ ಲವಣಗಳು) 3,500 ಪಿಪಿಎಂ ಒಳಗೆ ಇಟ್ಟುಕೊಂಡಿದ್ದೇವೆ.

ಹೊಗೆಯಲ್ಲಿ ಆಮ್ಲಜನಕ ಶೇ. 12 ಇದ್ದರೆ ಬೇಕಾದ್ದಕ್ಕಿಂತ ಶೇ. 133ರಷ್ಟು ಹೆಚ್ಚು ಗಾಳಿ ಹೋಗುತ್ತಿದೆ ಎಂದರ್ಥ, ಶೇ. 7ಕ್ಕೆ ತಂದರೆ ಅದು 50. ಆದರೆ ಅಂಕಿ ಸಿಕ್ಕಿದ ಕೂಡಲೇ ಗಾಳಿ ಕಡಿಮೆ ಮಾಡುವ ಡ್ಯಾಂಪರ್ ತಿರುಗಿಸಬೇಡಿ. ಹೊಗೆಯನ್ನು ಚಿಮಣಿಗೆ ಎಳೆಯುವ ಐಡಿ ಫ್ಯಾನ್ ಓಡುವಾಗ ಬೂದಿ ಬಾಗಿಲಿನ ಅಂಚಿಗೆ ಊದಿನಕಡ್ಡಿ ಹಿಡಿಯಿರಿ. ಅದರ ಹೊಗೆ ಒಳಕ್ಕೆ ಎಳೆದುಕೊಂಡಲ್ಲೆಲ್ಲ ಬಾಗಿಲ ಸಂದಿ ಮುಚ್ಚುವ ಹಗ್ಗ ಸವೆದಿರುತ್ತದೆ. ಅದನ್ನು ಬದಲಿಸದೆ ಡ್ಯಾಂಪರ್ ಮುಚ್ಚಿದರೆ ಸಂದಿಯ ಗಾಳಿಯಿಂದ ಮೀಟರ್‌ನಲ್ಲಿ ಆಮ್ಲಜನಕ ಇದ್ದೇ ಇರುತ್ತದೆ, ಒಲೆಗೆ ಮಾತ್ರ ಸಾಲದೆ ಚಿಮಣಿಯಿಂದ ಕರಿ ಹೊಗೆ ಏಳುತ್ತದೆ.

ಬಣ್ಣದ ಪಾತ್ರೆ ಕಾಯಿಸುವ ಉಗಿ ಸುರುಳಿ, ಅಂದರೆ ಕಾಯಿಲ್‌ನಿಂದ ಬರುವ ಕಂಡೆನ್ಸೇಟನ್ನು (ಉಗಿ ತಣಿದು ಆದ ಬಿಸಿನೀರನ್ನು) ಟ್ಯಾಂಕಿಗೆ ತಂದರೆ ಫೀಡ್ ನೀರು 6 ಡಿಗ್ರಿ ಬಿಸಿಯಾದಂತೆಲ್ಲ ಉರುವಲು ಸುಮಾರು ಶೇ. 1 ಉಳಿಯುತ್ತದೆ. ವಿಚಿತ್ರವೆಂದರೆ ದಕ್ಷತೆಯ ಅಂಕಿ ಮೇಲೇರುವುದಿಲ್ಲ: ಉರುವಲು ಇಳಿದಂತೆ 601 ಕೂಡ ಇಳಿಯುತ್ತದೆ. ಅಂಕಿ ನೋಡಿ ಪೈಪಿನ ಖರ್ಚು ದಂಡವಾಯಿತು ಅನ್ನಬೇಡಿ, ಬ್ರಿಕೆಟ್ ತೂಕ ನೋಡಿ. ಪಾತ್ರೆಯೊಳಕ್ಕೇ ಉಗಿ ಬಿಡುವ ಕಡೆ ಈ ಉಳಿತಾಯ ಸಿಗದು. ಕಾಯಿಲ್ ತೂತಾದರೆ ಬಣ್ಣ ಬಾಯ್ಲರ್‌ಗೆ ಬರುವುದರಿಂದ ಪ್ರತಿ ಪಾಳಿಯಲ್ಲಿ ಗಾಜಿನ ಲೋಟದಲ್ಲಿ ಹಿಡಿದು ನೋಡಬೇಕು. ನೀರು 85 ಡಿಗ್ರಿ ದಾಟಿದಾಗ ಪಂಪ್ ಒಳಗೆ ಜಲ್ಲಿ ಉರುಳಿದಂತೆ ಸದ್ದು ಬಂದರೆ ಟ್ಯಾಂಕ್ ಎತ್ತರ ಸಾಲದು; ನಾವು ಪಂಪಿಗಿಂತ ನಾಲ್ಕು ಮೀಟರ್ ಮೇಲಕ್ಕೆ ಏರಿಸಿದ್ದೇವೆ.