ಸಂಬಳ, ಕಂತು, ಓಟಿ: ನರಸಾಪುರದ ಕಥೆಯನ್ನು ಟ್ವೈನ್‌ನಲ್ಲಿ ಕಟ್ಟಿದ ಬಗೆ

ಓದುಗರೇ ಆಯ್ಕೆ ಒತ್ತುತ್ತಾ ಮುಂದೆ ಸಾಗುವ ಕಥೆಗಳನ್ನು ನಾನು ಕಟ್ಟುವುದು ಟ್ವೈನ್ ಎಂಬ ಉಚಿತ ತಂತ್ರಾಂಶದಲ್ಲಿ, ಪುಟ ಮತ್ತು ಆಯ್ಕೆಗಳನ್ನು ನಡೆಸುವ ಶುಗರ್‌ಕ್ಯೂಬ್ ಎಂಬ ಫಾರ್ಮ್ಯಾಟ್ ಹಾಕಿಕೊಂಡು. ದುಡ್ಡು, ದಿನ, ದಣಿವಿನ ಲೆಕ್ಕ ಇಡಲು ಅದು ಅನುಕೂಲ. ಈ ಕಥೆ ಕೋಲಾರದ ನರಸಾಪುರ ಕೈಗಾರಿಕಾ ಪ್ರದೇಶದ್ದು: ಗುತ್ತಿಗೆ ಮೇಲೆ ಲೈನ್‌ನಲ್ಲಿ ದುಡಿಯುವ ಹುಡುಗಿ, ಕಂಪನಿ ಬಸ್ಸು, ಒಂದು ಹೊಸ ಫೋನು.

ಕೊಳ್ಳುಬಾಕತನದ ಬಗ್ಗೆ ಪಾತ್ರಗಳ ಬಾಯಲ್ಲಿ ಭಾಷಣ ಮಾಡಿಸಬಾರದು, ಲೆಕ್ಕವೇ ಮಾತಾಡಬೇಕು. ಹಾಗಾಗಿ ಮೊದಲು ಬರೆಯುವುದು ಪೇ ಸ್ಲಿಪ್. ಒಟ್ಟು ಸಂಬಳ 16,000. ಅದರಲ್ಲಿ ಬೇಸಿಕ್ ಮತ್ತು ಡಿಎ 12,000. ಪಿಎಫ್ 12%, ಅಂದರೆ 1,440. ಇಎಸ್‌ಐ 0.75%, ಅಂದರೆ 120. ಕೈಗೆ ಸಿಗುವುದು 14,440. ತಿಂಗಳಿಗೆ 26 ದಿನ, ದಿನಕ್ಕೆ 8 ಗಂಟೆ ಹಿಡಿದರೆ ಗಂಟೆಗೆ ಸುಮಾರು 77 ರೂಪಾಯಿ. ಓಟಿಗೆ, ಅಂದರೆ ಪಾಳಿ ಮುಗಿದ ಮೇಲಿನ ಹೆಚ್ಚುವರಿ ದುಡಿಮೆಗೆ, ಕಾನೂನಿನಂತೆ ದುಪ್ಪಟ್ಟು, 154. ಅಲ್ಲಿಗೆ 18,000 ರೂಪಾಯಿಯ ಫೋನಿಗೆ 117 ಗಂಟೆ ಓಟಿ. ಅಂಗಡಿಯ ಪುಟದಲ್ಲಿ ಪ್ರತಿ ಬೆಲೆಯ ಪಕ್ಕದಲ್ಲೂ ಈ ಗಂಟೆ ಕಾಣುತ್ತದೆ. ‘ನೋ ಕಾಸ್ಟ್ ಇಎಂಐ’ ಎಂದು ತಿಂಗಳಿಗೆ 1,500ರ 12 ಕಂತು ಒಪ್ಪಿಸಿದ ಮೇಲೆ, ಪ್ರೊಸೆಸಿಂಗ್ ಶುಲ್ಕ ಮತ್ತು ಅದರ ಮೇಲಿನ 18% ಜಿಎಸ್‌ಟಿ ಮುಂದಿನ ಪುಟದಲ್ಲಿ ಅವಳ ಹಣದಿಂದ ಕಡಿತವಾಗುತ್ತದೆ. ಶೂನ್ಯ ಬಡ್ಡಿ ಎಂಬುದೇ ಇಲ್ಲವೆಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಹೇಳಿತ್ತು.

ಪ್ರತಿ ಆಯ್ಕೆಯನ್ನೂ ಬೇರೆ ದಾರಿಗೆ ಬಿಟ್ಟರೆ ಹತ್ತನೆಯದಕ್ಕೆ 1,024 ತುದಿಗಳಾಗುತ್ತವೆ. ಬರೆದು ಮುಗಿಯುವ ಮಾತಲ್ಲ. ಅದಕ್ಕೇ ಎಲ್ಲ ದಾರಿಗಳೂ ವಾರದ ರಜೆಯ ಪುಟಕ್ಕೆ ಬಂದು ಸೇರುತ್ತವೆ. ಬದಲಾಗುವುದು ಮೂರೇ ಅಂಕಿ: ಹಣ, ಬಾಕಿ, ದಣಿವು. ಒಂದು ಓಟಿಗೆ ದಣಿವು 2 ಏರುತ್ತದೆ, ರಜೆಗೆ 3 ಇಳಿಯುತ್ತದೆ. 7 ದಾಟಿದರೆ ಅದೇ ಪುಟದ ವಾಕ್ಯಗಳು ತುಂಡಾಗುತ್ತವೆ.

ಕಥೆಯ ಜೀವ ಇರುವುದು ಸೂಪರ್‌ವೈಸರ್ ಪುಟದಲ್ಲಿ. “ಇವತ್ತೊಂದು ದಿನ ಓಟಿ ಮಾಡ್ಬಿಡಮ್ಮ, ಡಿಸ್ಪ್ಯಾಚ್ ಇದೆ.” ಉತ್ತರ ಎರಡು: ‘ಆಯ್ತು ಸಾರ್’, ‘ಬಸ್ ಹೊರಟುಬಿಡುತ್ತೆ ಸಾರ್’. ಬಾಕಿ 3,000 ದಾಟಿದರೆ ಎರಡನೆಯದು ಬೂದು ಬಣ್ಣಕ್ಕೆ ತಿರುಗುತ್ತದೆ, ಒತ್ತಲು ಬರುವುದಿಲ್ಲ. ಅದನ್ನು ಪೂರ್ತಿ ಮರೆಮಾಡಬೇಡಿ: ಮರೆಮಾಡಿದರೆ ಇದ್ದದ್ದೇ ಒಂದು ದಾರಿ ಅನ್ನಿಸುತ್ತದೆ, ಕಣ್ಣಿಗೆ ಕಂಡೂ ಕೈಗೆ ಸಿಗದಿದ್ದರೆ ಮಾತ್ರ ಕಂತಿನ ಬಿಗಿ ತಿಳಿಯುತ್ತದೆ. ಬೆಳಗಿನ ಶಿಫ್ಟ್ ಮುಗಿಸಿ ಸಂಜೆ ಆರರವರೆಗೆ ನಿಂತವಳಿಗೆ ಕಥೆಯಲ್ಲಿ ಕಂಪನಿ ಬಸ್ಸಿಲ್ಲ. ನಾಲ್ಕು ಗಂಟೆಯ 616 ರೂಪಾಯಿಯಲ್ಲಿ ಆಟೋಗೆ 60 ಹೋಗುತ್ತದೆ.

ಕನ್ನಡದ ತೊಡಕುಗಳೇ ಬೇರೆ. ಪುಟದ ಹೆಸರು ಕನ್ನಡದಲ್ಲಿರಬಹುದು, ಆದರೆ ಹಣ, ದಣಿವಿನಂಥ ಅಂಕಿಗಳನ್ನು ಹಿಡಿದಿಡುವ ಶುಗರ್‌ಕ್ಯೂಬ್‌ನ ವೇರಿಯಬಲ್ ಹೆಸರಿಗೆ ಇಂಗ್ಲಿಷ್ ಅಕ್ಷರವೇ ಬೇಕು. ಟೈಪ್ ಮಾಡಿದಂತೆ ಅಕ್ಷರ ಮೂಡಿಸುವ ಮ್ಯಾಕ್ರೋ (ಸಿದ್ಧ ಆದೇಶ) ಯೂನಿಕೋಡ್ ಬಿಡಿ ಸಂಕೇತಗಳನ್ನು ಒಂದೊಂದಾಗಿ ಹಾಕುವುದರಿಂದ ‘ಕ್ಷ’ ಬರುವ ಮುನ್ನ ‘ಕ’, ‘ಕ್’ ಮಿಂಚಿ ಹೋಗುತ್ತವೆ, ಬಳಸದಿರುವುದೇ ಒಳ್ಳೆಯದು. ಸಾಲಿನ ಎತ್ತರ 1.7 ಇಟ್ಟರೆ ಒತ್ತಕ್ಷರ ಕೆಳಗಿನ ಸಾಲಿಗೆ ತಾಗುವುದಿಲ್ಲ.

ಹಿಂದಕ್ಕೆ ಹೋಗುವ ಬಾಣವನ್ನು ಕಥೆಯ ಜಾವಾಸ್ಕ್ರಿಪ್ಟ್‌ನಲ್ಲಿ ಶುಗರ್‌ಕ್ಯೂಬ್‌ನ Config ಮೂಲಕ ತೆಗೆದು, ಇತಿಹಾಸದ ಮಿತಿಯನ್ನು (ಕಥೆ ನೆನಪಿಟ್ಟುಕೊಳ್ಳುವ ಹೆಜ್ಜೆಗಳ ಸಂಖ್ಯೆ) 1ಕ್ಕೆ ಇಳಿಸಿ. ಇಲ್ಲದಿದ್ದರೆ ಓದುಗರು ಫೋನು ಕೊಂಡು, ಕಂತು ನೋಡಿ, ಹಿಂದಕ್ಕೆ ಒತ್ತಿ ಪಾರಾಗುತ್ತಾರೆ. ಟ್ವೈನ್ ಅನ್ನು ಬ್ರೌಸರ್‌ನಲ್ಲಿ ಬಳಸುವವರು ದಿನವೂ ಆರ್ಕೈವ್ (ಎಲ್ಲ ಕಥೆಗಳ ಪ್ರತಿ ಇರುವ ಫೈಲು) ಇಳಿಸಿಕೊಳ್ಳಿ: ಬ್ರೌಸರ್‌ನ ಸೈಟ್ ಡೇಟಾ ಅಳಿಸಿದರೆ ಟ್ವೈನ್‌ನ ಕಥೆಯೂ ಅಳಿಯುತ್ತದೆ.