ಹಳೆಯ ಬ್ಯಾಟರಿಯೇ ಅದಿರು: ದಾವಣಗೆರೆಯ ಒಂದು ಶೆಡ್ಡಿನ ಅನುಭವ

ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದಲ್ಲಿ ನನ್ನದೊಂದು ಶೆಡ್ ಇದೆ. ವಿದ್ಯುತ್ ಸ್ಕೂಟರ್ ಮತ್ತು ಆಟೊಗಳ ಕೆಟ್ಟ ಲಿಥಿಯಂ ಬ್ಯಾಟರಿಗಳನ್ನು ಬಿಚ್ಚಿ ಪರೀಕ್ಷಿಸುತ್ತೇನೆ, ರಿಪೇರಿಯಾಗುವುದನ್ನು ರಿಪೇರಿ ಮಾಡುತ್ತೇನೆ, ಆಗದ್ದನ್ನು ವಿಂಗಡಿಸಿ ಮರುಬಳಕೆ ಕಾರ್ಖಾನೆಗೆ ಕಳುಹಿಸುತ್ತೇನೆ. ಇದಕ್ಕೆ ಮೊದಲು ಹರಿಹರದಲ್ಲಿ ಪಂಪ್‌ಸೆಟ್ ಮೋಟಾರ್‌ಗಳ ರಿವೈಂಡಿಂಗ್ ಮಾಡುತ್ತಿದ್ದೆ. ತಾಮ್ರದ ತಂತಿಯನ್ನು ತೂಗಿ ಕೊಂಡು ತೂಗಿ ಮಾರುವ ಆ ಕಸುಬಿನಲ್ಲೇ ಲೋಹದ ಬೆಲೆಯ ಏರಿಳಿತ ಹೊಟ್ಟೆಗೆ ಹೇಗೆ ತಟ್ಟುತ್ತದೆ ಎಂಬುದನ್ನು ಕಲಿತೆ.

ಬ್ಯಾಟರಿ ಲೋಹಗಳ ಏರಿಳಿತದ ಮುಂದೆ ತಾಮ್ರದ್ದು ಏನೂ ಅಲ್ಲ. 2022ರಲ್ಲಿ ಚೀನಾದ ಮಾರುಕಟ್ಟೆಯಲ್ಲಿ ಲಿಥಿಯಂ ಕಾರ್ಬೊನೇಟ್ ಟನ್ನಿಗೆ ಸುಮಾರು 80 ಸಾವಿರ ಡಾಲರ್ ಮುಟ್ಟಿತ್ತು. ಆ ವರ್ಷ ಬದಲಿ ಸೆಲ್‌ಗಳಿಗೆ, ಅಂದರೆ ಬ್ಯಾಟರಿಯೊಳಗಿನ ಬಿಡಿ ಘಟಕಗಳಿಗೆ, ಬೆಳಿಗ್ಗೆ ಕೇಳಿದ ಬೆಲೆ ಸಂಜೆಗೆ ಉಳಿಯುತ್ತಿರಲಿಲ್ಲ. 2024 ಮುಗಿಯುವ ಹೊತ್ತಿಗೆ ಅದೇ ಕಾರ್ಬೊನೇಟ್ ಹತ್ತು ಸಾವಿರ ಡಾಲರಿನ ಆಸುಪಾಸಿಗೆ ಇಳಿದಿತ್ತು. ಜಗತ್ತಿನ ಕೋಬಾಲ್ಟ್‌ನಲ್ಲಿ ನೂರಕ್ಕೆ 70ಕ್ಕಿಂತ ಹೆಚ್ಚು ಪಾಲು ಒಂದೇ ದೇಶದ್ದು, ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದ್ದು. ಅಲ್ಲಿನ ಸರ್ಕಾರ 2025ರ ಫೆಬ್ರುವರಿಯಲ್ಲಿ ರಫ್ತನ್ನೇ ನಿಲ್ಲಿಸಿ, ಅಕ್ಟೋಬರಿನಿಂದ ಕೋಟಾ ಹಾಕಿ ಬಿಡತೊಡಗಿತು. ವರ್ಷದ ಕೊನೆಗೆ ಕೋಬಾಲ್ಟ್ ಬೆಲೆ ಎರಡು ಪಟ್ಟು ಮೀರಿತ್ತು. ನಿಕ್ಕಲ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಇಂಡೋನೇಷ್ಯಾದಿಂದ ಬರುತ್ತದೆ. ಆ ದೇಶ 2020ರಲ್ಲೇ ಕಚ್ಚಾ ಅದಿರಿನ ರಫ್ತನ್ನು ನಿಷೇಧಿಸಿದೆ. ಈ ಮೂರೂ ಲೋಹಗಳಿಗೆ ನಮ್ಮ ದೇಶ ಪೂರ್ತಿಯಾಗಿ ಆಮದನ್ನೇ ನಂಬಿಕೊಂಡಿದೆ.

ದಾವಣಗೆರೆಯಲ್ಲಿ ಕುಳಿತ ನಾನು ಕಾಂಗೋದ ಕೋಟಾವನ್ನು ಬದಲಿಸಲಾರೆ. ಆದರೆ ಅಲ್ಲಿಂದ ಹೊರಟು, ಎಲ್ಲೋ ಶುದ್ಧಿಯಾಗಿ, ಸೆಲ್ ಆಗಿ, ಸ್ಕೂಟರಿನ ಸೀಟಿನಡಿ ಕುಳಿತು ನಮ್ಮ ಪಿ.ಬಿ. ರಸ್ತೆಗೆ ಬಂದ ಲೋಹ ಇಲ್ಲೇ ಇದೆಯಲ್ಲ? ಅದು ಹಾಳಾಗದಂತೆ ನೋಡಿಕೊಳ್ಳುವುದು ನನ್ನ ಕೈಯಲ್ಲಿದೆ. ನಾನು ಮಾಡಿದ್ದೆಲ್ಲ ಅಷ್ಟೇ.

ಎಷ್ಟು ಲೋಹ ಎಂಬ ಲೆಕ್ಕ ಹೇಳುತ್ತೇನೆ. ಮೂರು ಯೂನಿಟ್ ವಿದ್ಯುತ್ ಹಿಡಿಯುವ ಸ್ಕೂಟರ್ ಬ್ಯಾಟರಿಯೊಂದರಲ್ಲಿ ಸುಮಾರು 300 ಗ್ರಾಂ ಲಿಥಿಯಂ ಇರುತ್ತದೆ. ಅದು ನಿಕ್ಕಲ್, ಮ್ಯಾಂಗನೀಸ್, ಕೋಬಾಲ್ಟ್ ಸೇರಿದ ಎನ್‌ಎಂಸಿ ಬಗೆಯದಾದರೆ ಎರಡು ಕಿಲೋಗೆ ಹತ್ತಿರದ ನಿಕ್ಕಲ್, ಅರ್ಧ ಕಿಲೋದಷ್ಟು ಕೋಬಾಲ್ಟ್ ಕೂಡ ಇರುತ್ತವೆ. ಮಂಡ್ಯ ಜಿಲ್ಲೆಯ ಮರಳಗಾಲದಲ್ಲಿ ಪರಮಾಣು ಖನಿಜ ನಿರ್ದೇಶನಾಲಯ ಅಂದಾಜು ಮಾಡಿದ ಲಿಥಿಯಂ 1,600 ಟನ್. ಅಷ್ಟನ್ನೂ ಶುದ್ಧ ಲೋಹವೆಂದೇ ಹಿಡಿದು, ಒಂದು ಗ್ರಾಮೂ ನಷ್ಟವಿಲ್ಲದೆ ತೆಗೆದರೂ ಅದು 53 ಲಕ್ಷ ಸ್ಕೂಟರ್‌ಗಳಿಗೆ ಸಾಕು. 2024-25ರ ಒಂದೇ ವರ್ಷದಲ್ಲಿ ದೇಶದಲ್ಲಿ 11 ಲಕ್ಷಕ್ಕೂ ಹೆಚ್ಚು ವಿದ್ಯುತ್ ದ್ವಿಚಕ್ರ ವಾಹನಗಳು ಮಾರಾಟವಾಗಿವೆ. ಅಂದರೆ ಐದು ವರ್ಷದ ಸರಕು, ಅದೂ ಕಾರು, ಬಸ್‌ಗಳನ್ನು ಬಿಟ್ಟು. ಹಳೆಯ ಬ್ಯಾಟರಿಯನ್ನು ನಾನು ಅದಿರು ಎಂದು ಕರೆಯುವುದು ಈ ಲೆಕ್ಕ ಹಾಕಿದ ಮೇಲೆಯೇ.

ಈ ಅದಿರು ನಮ್ಮೂರಿನಲ್ಲಿ ಹೇಗೆ ಹಾಳಾಗುತ್ತಿತ್ತೆಂದರೆ: ಸತ್ತ ಪ್ಯಾಕ್, ಅಂದರೆ ಸೆಲ್‌ಗಳನ್ನು ಜೋಡಿಸಿದ ಇಡೀ ಬ್ಯಾಟರಿ, ಗುಜರಿ ಅಂಗಡಿಗೆ ಹೋಗುತ್ತದೆ. ಅಲ್ಲಿ ಸುತ್ತಿಗೆಯಿಂದ ಹೊರಕವಚ ಒಡೆದು ಅಲ್ಯೂಮಿನಿಯಂ ಪೆಟ್ಟಿಗೆ, ತಾಮ್ರದ ವೈರುಗಳನ್ನು ತೆಗೆದುಕೊಳ್ಳುತ್ತಾರೆ. ಒಳಗಿನ ಸೆಲ್‌ಗಳಿಗೆ ಕೊಳ್ಳುವವರಿಲ್ಲದ ಕಾರಣ ಅವು ಮೂಟೆಯಲ್ಲಿ ಮಳೆಗೆ ನೆನೆಯುತ್ತ ಬಿದ್ದಿರುತ್ತವೆ, ಕೊನೆಗೆ ಕಸದ ಗಾಡಿಗೆ ಸೇರುತ್ತವೆ. ಗುಜರಿಯವರನ್ನು ನಾನು ದೂರುವುದಿಲ್ಲ. ತಾಮ್ರಕ್ಕೆ ಬೆಲೆ ಇದೆ ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಿಕ್ಕಲ್‌ಗೂ ಇದೆ ಎಂದು ಯಾರೂ ಹೇಳಿರಲಿಲ್ಲ. ಇಂದು ನನಗೆ ಸರಕು ತಂದುಕೊಡುವವರಲ್ಲಿ ಹೆಚ್ಚಿನವರು ಅವರೇ. ಒಡೆಯದೆ ತಂದ ಪ್ಯಾಕಿಗೆ ಒಡೆದದ್ದಕ್ಕಿಂತ ಹೆಚ್ಚು ಕೊಡುತ್ತೇನೆ ಎಂಬ ಒಂದೇ ಮಾತಿನಿಂದ ಸುತ್ತಿಗೆ ಕೆಳಗಿಳಿಯಿತು.

ನನ್ನ ಕೆಲಸದ ತಿರುಳು ವಿಂಗಡಣೆ. ಎನ್‌ಎಂಸಿ ಮತ್ತು ಎಲ್‌ಎಫ್‌ಪಿ ಎಂಬ ಎರಡು ಬಗೆಯ ಬ್ಯಾಟರಿಗಳು ಹೊರನೋಟಕ್ಕೆ ಒಂದೇ ತರಹ ಇರುತ್ತವೆ. ಎಲ್‌ಎಫ್‌ಪಿ ಎಂದರೆ ಕಬ್ಬಿಣ ಮತ್ತು ಫಾಸ್ಫೇಟ್ ಆಧಾರಿತ ಬ್ಯಾಟರಿ. ಅದರಲ್ಲಿ ನಿಕ್ಕಲ್ಲೂ ಇಲ್ಲ, ಕೋಬಾಲ್ಟೂ ಇಲ್ಲ. ಎನ್‌ಎಂಸಿ ಮೂಟೆಯಲ್ಲಿ ನಾಲ್ಕು ಎಲ್‌ಎಫ್‌ಪಿ ಪ್ಯಾಕ್ ಸೇರಿಬಿಟ್ಟರೆ ಕಾರ್ಖಾನೆಯಲ್ಲಿ ಆಮ್ಲದಲ್ಲಿ ಕರಗಿಸುವಾಗ ಕಬ್ಬಿಣ, ಫಾಸ್ಫೇಟ್‌ಗಳೂ ಬಂದು, ಅವನ್ನು ಬೇರ್ಪಡಿಸುವ ಖರ್ಚೆಲ್ಲ ನಮ್ಮ ದರದಲ್ಲಿ ಕಡಿತವಾಗುತ್ತದೆ. ಬಗೆ ಬರೆದ ಚೀಟಿ ಪ್ಯಾಕಿನ ಮೇಲಿದ್ದರೆ ಸರಿ. ಬಂದವುಗಳಲ್ಲಿ ಬಹುಪಾಲಿಗೆ ಚೀಟಿ ಹರಿದಿರುತ್ತದೆ, ಇಲ್ಲವೇ ಬಿಸಿಲಿಗೆ ಅಕ್ಷರ ಅಳಿಸಿರುತ್ತದೆ. ಆಗ ವೋಲ್ಟ್‌ಮೀಟರ್ ಹಿಡಿಯಬೇಕು. ಪೂರ್ತಿ ಚಾರ್ಜ್ ಮಾಡಿದಾಗ ಎನ್‌ಎಂಸಿ ಸೆಲ್ 4.2 ವೋಲ್ಟ್‌ವರೆಗೆ ಹೋಗುತ್ತದೆ, ಎಲ್‌ಎಫ್‌ಪಿಗೆ 3.65ರ ಗಡಿ. ಆದರೆ ಬಗೆ ತಿಳಿಯದ ಸೆಲ್ಲನ್ನು 4.2ಕ್ಕೆ ಏರಿಸಿ ನೋಡುವುದು ಅಪಾಯ. ನಾನು ಮೆಲ್ಲಗೆ ಸ್ವಲ್ಪವೇ ಚಾರ್ಜ್ ಕೊಟ್ಟು, ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಅಳೆಯುತ್ತೇನೆ. ಎಲ್‌ಎಫ್‌ಪಿ ಸೆಲ್ 3.2ರಿಂದ 3.3ರ ನಡುವೆ ಬಂದು ಕುಳಿತುಬಿಡುತ್ತದೆ, ಇನ್ನಷ್ಟು ಕೊಟ್ಟರೂ ಅಲ್ಲೇ ಜಗ್ಗದೆ ಇರುತ್ತದೆ. ಎನ್‌ಎಂಸಿ ಹಾಗಲ್ಲ, ಕೊಟ್ಟಷ್ಟೂ 3.5, 3.7 ಎಂದು ಏರುತ್ತಲೇ ಹೋಗುತ್ತದೆ. ಸರಣಿಯನ್ನೂ, ಅಂದರೆ ಒಂದರ ತುದಿಗೆ ಇನ್ನೊಂದನ್ನು ಜೋಡಿಸಿದ ಸಾಲನ್ನೂ, ಎಣಿಸುತ್ತೇನೆ: ಸ್ಕೂಟರ್ ಪ್ಯಾಕಿನಲ್ಲಿ 14 ಸೆಲ್ ಸರಣಿಯಲ್ಲಿದ್ದರೆ ಹೆಚ್ಚಾಗಿ ಎನ್‌ಎಂಸಿ, 16 ಇದ್ದರೆ ಎಲ್‌ಎಫ್‌ಪಿ. ತೂಕವೂ ಸುಳಿವು ಕೊಡುತ್ತದೆ. ಅಷ್ಟೇ ವಿದ್ಯುತ್ ಹಿಡಿಯಲು ಎಲ್‌ಎಫ್‌ಪಿ ಹೆಚ್ಚು ಭಾರ. ಈ ಮೂರೂ ಒಂದೇ ಮಾತು ಹೇಳಿದ ಮೇಲೆಯೇ ಪ್ಯಾಕಿನ ಮೇಲೆ ಬಣ್ಣ ಬೀಳುತ್ತದೆ, ಎನ್‌ಎಂಸಿಗೆ ಕೆಂಪು, ಎಲ್‌ಎಫ್‌ಪಿಗೆ ಹಸಿರು.

ಆಮೇಲೆ ರಿಪೇರಿಯ ಪ್ರಶ್ನೆ. ಲೋಹ ಉಳಿಸುವ ಅತ್ಯುತ್ತಮ ದಾರಿ ಅದನ್ನು ಕರಗಿಸದೆ ಇರುವುದೇ. ‘ಸತ್ತಿದೆ’ ಎಂದು ಬರುವ ಪ್ಯಾಕುಗಳನ್ನು ಬಿಚ್ಚಿ ನೋಡಿದರೆ ಎಷ್ಟೋ ಸಲ ಒಂದು ಸಾಲಿನ ಸೆಲ್‌ಗಳು ಮಾತ್ರ ಸೊರಗಿರುತ್ತವೆ. ಇಲ್ಲವೇ ಮಳೆಗಾಲದಲ್ಲಿ ನೀರು ನುಗ್ಗಿ ನಿಯಂತ್ರಣ ಬೋರ್ಡ್ ತುಕ್ಕು ಹಿಡಿದಿರುತ್ತದೆ. ಇಲ್ಲವೇ ಹಳ್ಳಿ ರಸ್ತೆಯ ಕುಲುಕಾಟಕ್ಕೆ ನಿಕ್ಕಲ್ ಪಟ್ಟಿಯ ಬೆಸುಗೆ ಬಿಟ್ಟಿರುತ್ತದೆ. ಉಳಿದ ಸೆಲ್‌ಗಳು ಗಟ್ಟಿಯಾಗಿಯೇ ಇರುತ್ತವೆ. ಪ್ರತಿ ಸೆಲ್ಲನ್ನೂ ತುಂಬಿಸಿ, ಒಂದೇ ಪ್ರಮಾಣದ ಕರೆಂಟಿನಲ್ಲಿ ಖಾಲಿ ಮಾಡಿ, ಎಷ್ಟು ಹಿಡಿಯಿತು ಎಂದು ಬರೆದುಕೊಳ್ಳುತ್ತೇನೆ, ಒಳರೋಧವನ್ನು, ಅಂದರೆ ಕರೆಂಟಿಗೆ ಸೆಲ್ಲಿನ ಒಳಗೇ ಆಗುವ ತಡೆಯನ್ನು, ಅಳೆಯುತ್ತೇನೆ, ಬಳಿಕ ಎರಡು ವಾರ ಸುಮ್ಮನೆ ಇಡುತ್ತೇನೆ. ಆ ಎರಡು ವಾರ ಕಾಯಲು ಗಿರಾಕಿಗಳಿಗೆ ಮನಸ್ಸಿರುವುದಿಲ್ಲ. ಆದರೂ ಬಿಡುವುದಿಲ್ಲ, ಏಕೆಂದರೆ ಇಟ್ಟಲ್ಲೇ ವೋಲ್ಟೇಜ್ ಇಳಿಸಿಕೊಳ್ಳುವ ಸೆಲ್ಲಿನ ಒಳಗೆ ಎಲ್ಲೋ ಸಣ್ಣ ಶಾರ್ಟ್ ಇರುತ್ತದೆ, ಅದು ಮುಂದೊಂದು ದಿನ ಬೆಂಕಿಗೆ ದಾರಿ. ಮಂಡಕ್ಕಿ ಭಟ್ಟಿಗಳಿಂದ ಚೀಲ ಸಾಗಿಸುವ ಆಟೊದವರಿಗೆ ಹೊಸ ಪ್ಯಾಕ್ ಎಂದರೆ ವಾಹನದ ಬೆಲೆಯ ಮೂರನೇ ಒಂದು ಪಾಲಿನಷ್ಟಾದರೂ ಖರ್ಚು. ರಿಪೇರಿಯಾದ ಪ್ಯಾಕ್ ಎರಡು ವರ್ಷ ಓಡಿದರೆ ಅವರ ದುಡ್ಡೂ ಉಳಿಯಿತು, ಹೊಸ ನಿಕ್ಕಲ್ ಆಮದಾಗುವುದೂ ಅಷ್ಟು ಕಾಲ ತಪ್ಪಿತು.

ಊದಿಕೊಂಡ, ಜಜ್ಜಿದ ಸೆಲ್‌ಗಳ ಜಾಗವೇ ಬೇರೆ: ಗೋಡೆಯಿಂದ ದೂರ, ಹೆಂಚಿನ ಮಾಡಿನ ಕೆಳಗೆ, ಒಣ ಮರಳು ತುಂಬಿದ ಕಬ್ಬಿಣದ ಡ್ರಮ್‌ಗಳಲ್ಲಿ, ತುದಿಗಳಿಗೆ ಟೇಪ್ ಸುತ್ತಿ. ಉಪ್ಪುನೀರಿನಲ್ಲಿ ಮುಳುಗಿಸಿ ಖಾಲಿ ಮಾಡುವ ರೂಢಿ ಕೆಲವೆಡೆ ಇದೆ, ನಾನು ಒಪ್ಪುವುದಿಲ್ಲ. ತುದಿ ಕೊಳೆತು ಸೆಲ್ ತೂತಾದರೆ ಒಳಗಿನ ಲವಣ ನೀರಿನೊಡನೆ ಸೇರಿ ಹೈಡ್ರೊಫ್ಲೋರಿಕ್ ಆಮ್ಲವಾಗುತ್ತದೆ. ರೆಸಿಸ್ಟರ್ ಹಚ್ಚಿ ನಿಧಾನವಾಗಿ ಖಾಲಿ ಮಾಡುವುದೇ ಸರಿ.

ಎಲ್‌ಎಫ್‌ಪಿ ನನ್ನನ್ನು ಬಹಳ ಕಾಡಿತು. ಅದನ್ನು ಕರಗಿಸಿದರೆ ಬರುವುದು ಲಿಥಿಯಂ, ತಾಮ್ರ, ಅಲ್ಯೂಮಿನಿಯಂ ಅಷ್ಟೇ. ಲಿಥಿಯಂ ಬೆಲೆ ಕುಸಿದಾಗ ಕಾರ್ಖಾನೆಗಳು ಅದನ್ನು ಕೊಳ್ಳುವುದಿರಲಿ, ತೆಗೆದುಕೊಳ್ಳಲೇ ದುಡ್ಡು ಕೇಳುತ್ತವೆ. ಬೆಲೆ ಇಲ್ಲದ ವಸ್ತುವನ್ನು ಯಾರು ಕಾಪಾಡುತ್ತಾರೆ? ಆದರೆ ಈ ಸೆಲ್‌ಗಳ ಆಯಸ್ಸು ಬಲು ದೊಡ್ಡದು. ಸ್ಕೂಟರಿಗೆ ಸಾಲದೆ ಹೋದ ಸೆಲ್ಲಿಗೆ ಹಗುರ ಕೆಲಸ ಸಿಕ್ಕರೆ ಇನ್ನೂ ವರ್ಷಗಟ್ಟಲೆ ದುಡಿಯುತ್ತದೆ. ಆ ಕೆಲಸ ಸಿಕ್ಕಿದ್ದು ಹೊಲದಲ್ಲಿ. ನಮ್ಮ ಜಿಲ್ಲೆ ಮೆಕ್ಕೆಜೋಳದ್ದು, ಚನ್ನಗಿರಿ ಕಡೆ ಅಡಿಕೆಯದ್ದು. ರೈತರು ಬೆನ್ನಿಗೆ ಹೊರುವ ಔಷಧ ಸಿಂಪಡಣೆಯ ಯಂತ್ರದಲ್ಲಿ 12 ವೋಲ್ಟಿನ ಸೀಸದ ಬ್ಯಾಟರಿ ಇರುತ್ತದೆ. ನಾಲ್ಕು ಎಲ್‌ಎಫ್‌ಪಿ ಸೆಲ್‌ಗಳನ್ನು ಸರಣಿಯಲ್ಲಿ ಜೋಡಿಸಿದರೆ 12.8 ವೋಲ್ಟ್, ತೂಕ ಸೀಸದ್ದರ ಅರ್ಧವೂ ಇಲ್ಲ. ಚಿಕ್ಕ ನಿಯಂತ್ರಣ ಬೋರ್ಡನ್ನೂ ಹೊಂದುವ ಚಾರ್ಜರನ್ನೂ ಸೇರಿಸಿ ಕೊಡತೊಡಗಿದೆ. ಬೆನ್ನ ಮೇಲಿನ ಭಾರ ಇಳಿದದ್ದೇ ಸಾಕಾಯಿತು, ಒಬ್ಬ ರೈತರು ಮತ್ತೊಬ್ಬರಿಗೆ ಹೇಳಿದರು, ಹಸಿರು ಬಣ್ಣದ ರಾಶಿ ಕರಗಿತು.

ಇಲ್ಲಿ ಒಂದು ನಿಯಮವನ್ನು ಬಿಗಿಯಾಗಿ ಪಾಲಿಸುತ್ತೇನೆ. ಪ್ರತಿ ಪ್ಯಾಕಿಗೂ ಸಂಖ್ಯೆ ಇದೆ, ಬೆಲೆಯ ಜೊತೆಗೆ 300 ರೂಪಾಯಿ ಠೇವಣಿ ಇದೆ. ಹಾಳಾದ ಮೇಲೆ ತಂದುಕೊಟ್ಟರೆ ಠೇವಣಿ ವಾಪಸು. ಹಳ್ಳಿಗೆ ಹೋದ ಲಿಥಿಯಂ ತಿಪ್ಪೆಗೆ ಬೀಳಬಾರದು. ಠೇವಣಿ ಏಕೆ ಎಂದು ಜಗಳವಾಡಿದವರಿದ್ದಾರೆ. ಸೋಡಾ ಬಾಟಲಿಗೆ ಠೇವಣಿ ಕೊಡುತ್ತಿದ್ದ ಕಾಲವನ್ನು ನೆನಪಿಸಿದರೆ ಹಿರಿಯರು ತಟ್ಟನೆ ಒಪ್ಪುತ್ತಾರೆ.

ಕೆಂಪು ಬಣ್ಣದ್ದು, ಅಂದರೆ ರಿಪೇರಿಯಾಗದ ಎನ್‌ಎಂಸಿ, ಕಾರ್ಖಾನೆಗೆ ಹೋಗಬೇಕು. ಸಣ್ಣ ಸರಕಿಗೆ ಯಾರೂ ಲಾರಿ ಕಳುಹಿಸುವುದಿಲ್ಲ, ಕಳುಹಿಸಿದರೂ ದರ ಅವರು ಹೇಳಿದ್ದೇ. ಅದಕ್ಕೆ ಹರಿಹರ, ಚಿತ್ರದುರ್ಗ, ಹಿರಿಯೂರು, ರಾಣೆಬೆನ್ನೂರಿನ ರಿಪೇರಿ ಅಂಗಡಿಗಳನ್ನು ಜೊತೆಗೂಡಿಸಿದೆವು. ಎಲ್ಲವೂ ರಾಷ್ಟ್ರೀಯ ಹೆದ್ದಾರಿ 48ರ ಮೇಲೆಯೇ ಇರುವುದರಿಂದ ಒಂದೇ ಲಾರಿ ಎಲ್ಲರ ಸರಕನ್ನೂ ಎತ್ತಿಕೊಂಡು ಹೋಗಬಹುದು. ಬಗೆ ಬಗೆಯಾಗಿ ಬೇರ್ಪಡಿಸಿದ, ಬಣ್ಣ ಹಚ್ಚಿದ, ತೂಕದ ಪಟ್ಟಿ ಇರುವ ಸರಕು ಎಂದ ಮೇಲೆ ಮಾತಿನ ಧಾಟಿ ಬದಲಾಯಿತು. ಕಿಲೋಗೆ ಇಷ್ಟು ಎಂಬ ಸ್ಥಿರ ದರವನ್ನು ಬಿಟ್ಟು, ನಿಕ್ಕಲ್ ಮತ್ತು ಕೋಬಾಲ್ಟ್‌ಗಳ ಆ ತಿಂಗಳ ಸರಾಸರಿ ಬೆಲೆಯಲ್ಲಿ ಇಂತಿಷ್ಟು ಪಾಲು ಎಂದು ಬರೆಸಿಕೊಂಡೆವು. ಕಾಂಗೋ ಬಾಗಿಲು ಹಾಕಿದ ವರ್ಷ ಆ ಒಪ್ಪಂದದ ಬೆಲೆ ನಮಗೆ ತಿಳಿಯಿತು: ಏರಿಕೆಯ ಪಾಲು ಅಂಗಡಿಗಳವರೆಗೂ ಬಂತು, ಅಂಗಡಿಗಳಿಂದ ಗುಜರಿಯವರವರೆಗೂ ಹೋಯಿತು.

ಬೆಲೆಗಿಂತಲೂ ನಾನು ಪಟ್ಟು ಹಿಡಿದದ್ದು ಇನ್ನೊಂದಕ್ಕೆ. ಬ್ಯಾಟರಿಯನ್ನು ಅರೆದರೆ ಸಿಗುವ ಕಪ್ಪು ಪುಡಿಯಲ್ಲಿ ನಿಕ್ಕಲ್, ಕೋಬಾಲ್ಟ್, ಮ್ಯಾಂಗನೀಸ್, ಲಿಥಿಯಂ, ಗ್ರಾಫೈಟ್ ಎಲ್ಲವೂ ಕಲೆತಿರುತ್ತವೆ. ಕೆಲವರು ಅರೆದು ಆ ಪುಡಿಯನ್ನೇ ಹೊರದೇಶಕ್ಕೆ ಮಾರುತ್ತಾರೆ. ಹಾಗಾದರೆ ಇಷ್ಟೆಲ್ಲ ಕೂಡಿಸಿದ್ದು ಯಾರಿಗಾಗಿ? ಪುಡಿಯನ್ನು ಆಮ್ಲದಲ್ಲಿ ಕರಗಿಸಿ, ಒಂದೊಂದೇ ಲೋಹದ ಲವಣವನ್ನು ದೇಶದೊಳಗೇ ತೆಗೆಯುವ ಕಾರ್ಖಾನೆಗೆ ಮಾತ್ರ ಕೊಡುವುದೆಂದು ನಿರ್ಧರಿಸಿದೆವು, ದರ ಸ್ವಲ್ಪ ಕಡಿಮೆಯಾದರೂ. ಗುಂಪಿನಲ್ಲಿ ಇದಕ್ಕೆ ವಿರೋಧವಿತ್ತು, ಈಗಲೂ ಇದೆ. ನನ್ನ ನಿಲುವು ಬದಲಾಗಿಲ್ಲ.

ಈ ನಿಲುವು ಗಟ್ಟಿಯಾದದ್ದು ಚಿತ್ರದುರ್ಗದ ಕಡೆ ಓಡಾಡುವಾಗ. ಕೋಟೆಯ ಊರಿನ ಹತ್ತಿರದ ಇಂಗಳದಾಳಿನಲ್ಲಿ ತಾಮ್ರದ ಗಣಿ ಇತ್ತು. ಆ ಬಂಡೆಗಳ ಸಾಲಿನಲ್ಲಿ ಹಿಂದಿನವರು ತಾಮ್ರಕ್ಕಾಗಿ ಅಗೆದ ಗುರುತುಗಳೂ ಇವೆ. ನೂರಕ್ಕೆ ಒಂದು ಪಾಲು ತಾಮ್ರವಿರುವ ಅದಿರನ್ನು ಇಂದು ಜಗತ್ತಿನಲ್ಲಿ ಒಳ್ಳೆಯ ಅದಿರೆಂದೇ ಎಣಿಸುತ್ತಾರೆ. ನನ್ನ ಶೆಡ್ಡಿನ ಸೆಲ್‌ಗಳಲ್ಲಿ ತೂಕದ ಹತ್ತನೇ ಒಂದು ಪಾಲಿನಷ್ಟು ತಾಮ್ರವೇ ಇರುತ್ತದೆ. ಹೊಸದುರ್ಗ, ಹೊಳಲ್ಕೆರೆ ಸೀಮೆಯಲ್ಲಿ ಮ್ಯಾಂಗನೀಸ್ ಅದಿರು ಇದೆ, ಮ್ಯಾಂಗನೀಸ್ ಅದಿರು ಸಾಮಾನ್ಯವಾಗಿ ಸೇರುವುದು ಉಕ್ಕಿನ ಕುಲುಮೆಗೆ. ಬ್ಯಾಟರಿಗೆ ಬೇಕಾದ ಅತಿ ಶುದ್ಧ ಮ್ಯಾಂಗನೀಸ್ ಸಲ್ಫೇಟ್ ಮಾತ್ರ ಬಹುಪಾಲು ಚೀನಾದಲ್ಲೇ ತಯಾರಾಗುತ್ತದೆ. ನೆಲದಡಿ ಅದಿರು ಇದ್ದ ಮಾತ್ರಕ್ಕೆ ಲೋಹ ನಮ್ಮದಾಗುವುದಿಲ್ಲ. ಶುದ್ಧಿ ಮಾಡುವ ವಿದ್ಯೆ ಮತ್ತು ಕಾರ್ಖಾನೆ ಯಾರ ಬಳಿ ಇವೆಯೋ ಬಾಗಿಲ ಕೀಲಿ ಅವರದ್ದೇ. ಅಂತಹ ಕಾರ್ಖಾನೆ ಇಲ್ಲಿ ಬದುಕಬೇಕಾದರೆ ಅದಕ್ಕೆ ಸರಕು ಸಿಗುತ್ತಿರಬೇಕು.

ಕಾನೂನು ಈಗ ನಮ್ಮ ಪರವಾಗಿದೆ. ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು 2022ರ ಆಗಸ್ಟಿನಲ್ಲಿ ಬಂದವು. ಅದರಂತೆ ನನ್ನಂತಹ ನವೀಕರಿಸುವವರೂ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. ಕಾಗದಪತ್ರ ಜಾಸ್ತಿ, ಆದರೆ ನೋಂದಣಿ ಇಲ್ಲದೆ ಒಳ್ಳೆಯ ಕಾರ್ಖಾನೆ ನಮ್ಮೊಡನೆ ಮಾತನಾಡುವುದಿಲ್ಲ. 2027-28ರಿಂದ ಹೊಸ ವಿದ್ಯುತ್ ವಾಹನ ಬ್ಯಾಟರಿಗಳಲ್ಲಿ ನೂರಕ್ಕೆ 5ರಷ್ಟು ಮರುಬಳಕೆಯ ವಸ್ತು ಇರಬೇಕು, 2030-31ಕ್ಕೆ ಅದು 20ಕ್ಕೆ ಏರುತ್ತದೆ. ಮರುಬಳಕೆಗೆಂದೇ ಕೇಂದ್ರ ಸರ್ಕಾರ 2025ರ ಸೆಪ್ಟೆಂಬರಿನಲ್ಲಿ 1,500 ಕೋಟಿ ರೂಪಾಯಿಯ ಪ್ರೋತ್ಸಾಹ ಯೋಜನೆಯನ್ನೂ ಒಪ್ಪಿದೆ. ಬೇಡಿಕೆ ಬರುವುದು ಖಚಿತ.

ಈಗ ಕೈಹಾಕಿರುವುದು ಮೊಬೈಲ್ ಬ್ಯಾಟರಿಗಳಿಗೆ. ಅವುಗಳಲ್ಲಿ ಹೆಚ್ಚಿನವು ಲಿಥಿಯಂ ಕೋಬಾಲ್ಟ್ ಆಕ್ಸೈಡಿನವು, ಆ ಆಕ್ಸೈಡಿನ ತೂಕದಲ್ಲಿ ನೂರಕ್ಕೆ 60 ಪಾಲು ಕೋಬಾಲ್ಟೇ. ಊರಿನ ಮೊಬೈಲ್ ರಿಪೇರಿ ಅಂಗಡಿಗಳಲ್ಲಿ ಅವು ಡಬ್ಬಿಗಟ್ಟಲೆ ಬಿದ್ದಿವೆ. ಒಪ್ಪಿದ ಅಂಗಡಿಗಳಿಗೆ ಮರಳು ಹಾಕಿದ ತಗಡಿನ ಡಬ್ಬಿ ಕೊಟ್ಟು ಬರುತ್ತಿದ್ದೇನೆ, ತುಂಬಿದಾಗ ತೂಗಿ ದುಡ್ಡು ಕೊಟ್ಟು ಎತ್ತಿಕೊಳ್ಳುತ್ತೇನೆ. ಅವರಲ್ಲಿ ಕೇಳಿಕೊಳ್ಳುವುದು ಎರಡೇ: ಊದಿದ ಬ್ಯಾಟರಿಗೆ ಸೂಜಿ ಚುಚ್ಚಿ ಗಾಳಿ ಬಿಡಬೇಡಿ, ತುದಿಗಳಿಗೆ ಟೇಪ್ ಅಂಟಿಸಿಯೇ ಡಬ್ಬಿಗೆ ಹಾಕಿ.