ಅಡಿಕೆ ಹಾಕಿ ಆಡುವ ಅಳಗುಳಿಮಣೆ

ನನ್ನ ತಂಗಿ ಮಗನಿಗೆ ಸೆರೆಬ್ರಲ್ ಪಾಲ್ಸಿ, ಅಂದರೆ ಮೆದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗದ ಸ್ಥಿತಿ. ವಾರಕ್ಕೆ ಮೂರು ದಿನ ಫಿಸಿಯೋಥೆರಪಿ, ಒಂದು ದಿನ ಸ್ಪೀಚ್ ಥೆರಪಿ. ಸುಮ್ನೆ ಆಡೋಕೆ ಅಂತ ಒಂದು ದಿನವೂ ಇರಲಿಲ್ಲ. ಅದನ್ನು ನೋಡಲಾಗದೇ ತಿಪಟೂರಿನ ನಮ್ಮ ಹಳೇ ಕೊಬ್ಬರಿ ಗೋಡೌನ್ ಖಾಲಿ ಮಾಡಿಸಿ, ವಿಶೇಷ ಮಕ್ಕಳಿಗೆ ಆಟದ ಮನೆ ಶುರು ಮಾಡಿದೆ.

ಬಾಗಿಲ ಮುಂದೆ ಒಂದೂವರೆ ಅಡಿ ಎತ್ತರ ಇತ್ತು. ಮೇಸ್ತ್ರಿಗೆ ‘ರ‍್ಯಾಂಪ್ ಹಾಕಿ’ ಅಂದೆ, ಅಷ್ಟೇ. ಅವರು ಸ್ಕೂಟರ್ ಹತ್ತಿಸೋಕೆ ಅಂದುಕೊಂಡು ಐದು ಅಡಿಯಲ್ಲಿ ಮುಗಿಸಿದರು. ಒಬ್ಬ ತಾಯಿ ಗಾಲಿಕುರ್ಚಿ ತಳ್ಳಿಕೊಂಡು ಅರ್ಧ ಹತ್ತಿದರು. ಕೈ ಸೋತು ಕುರ್ಚಿ ಹಿಂದಕ್ಕೆ ಜಾರಿತು. ಓಡಿ ಹೋಗಿ ಹಿಡಿದೆ. ಮಗುವಿಗೆ ಏನೂ ಆಗಲಿಲ್ಲ, ಆದರೆ ಆ ತಾಯಿ ಮತ್ತೆ ಬರಲಿಲ್ಲ. ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ, ಇದು ಲೆಕ್ಕ. ನಮಗೆ 18 ಅಡಿ ಬೇಕಿತ್ತು. ಒಡೆಸಿ, ಗೋಡೆ ಉದ್ದಕ್ಕೂ ತಿರುಗಿಸಿ ಮತ್ತೆ ಕಟ್ಟಿಸಿದೆ. ಆಮೇಲೆ ಆ ತಾಯಿಯ ಮನೆಗೆ ನಾನೇ ಹೋಗಿ ಕರೆದುಕೊಂಡು ಬಂದೆ.

ಆಟದ ಸಾಮಾನಿಗೆ ಜಾಸ್ತಿ ದುಡ್ಡು ಹೋಗಲಿಲ್ಲ. ಅಳಗುಳಿಮಣೆಯ ಹುಣಸೆ ಬೀಜ ನಮ್ಮ ಹುಡುಗನ ಬೆರಳಿಗೆ ಸಿಗುತ್ತಿರಲಿಲ್ಲ. ಬಡಗಿ ಹತ್ತಿರ ಬೋಗುಣಿಯಷ್ಟು ದೊಡ್ಡ ಗುಳಿಗಳ ಮಣೆ ಮಾಡಿಸಿ, ಬೀಜದ ಬದಲು ಅಡಿಕೆ ಹಾಕಿದೆವು. ಅವನು ಮುಷ್ಟಿ ಬಿಗಿಯೋಕೆ ಸ್ವಲ್ಪ ಹೊತ್ತು ಬೇಕು. ಬಿಚ್ಚೋಕೆ ಇನ್ನೂ ಹೊತ್ತು. ಎದುರಿಗೆ ಕೂತವರು ಕಾಯಬೇಕು, ಕೈ ಹಿಡಿದು ಹಾಕಿಸಬಾರದು. ನಮ್ಮಲ್ಲಿ ಇರೋದು ಇದೊಂದೇ ನಿಯಮ. ಕಣ್ಣು ಕಾಣದ ಮಕ್ಕಳಿಗೆ ಚೆಂಡಿನೊಳಗೆ ಗೆಜ್ಜೆ ತುಂಬಿಸಿದೆವು. ಅಂಧರ ಕ್ರಿಕೆಟ್‌ನಲ್ಲೂ ಸದ್ದು ಮಾಡುವ ಚೆಂಡೇ ಅಲ್ವಾ? ಗದ್ದಲ ತಡೆಯಲಾಗದ ಮಕ್ಕಳಿಗೆ ಒಂದು ಮೂಲೆಯಲ್ಲಿ ದಪ್ಪ ಪರದೆ ಕಟ್ಟಿ, ಸೀರೆ ಜೋಲಿ ಹಾಕಿದೆವು.

ಆದರೂ ಮೊದಲ ಆರು ತಿಂಗಳು ಬಂದಿದ್ದು ನಾಲ್ಕೇ ಮಕ್ಕಳು. ‘ಥೆರಪಿ ಕೊಡ್ತೀರಾ?’ ಅಂತ ಕೇಳುತ್ತಿದ್ದರು. ‘ಇಲ್ಲ, ಆಟ ಮಾತ್ರ’ ಅಂದರೆ ಮುಖ ಸಪ್ಪೆ ಆಗುತ್ತಿತ್ತು. ಆಶಾ ಕಾರ್ಯಕರ್ತೆಯರು, ಅಂಗವಿಕಲರಿಗಾಗಿ ಪಂಚಾಯಿತಿಯಲ್ಲಿ ಇರುವ ಪುನರ್ವಸತಿ ಕಾರ್ಯಕರ್ತರ ಜೊತೆ ಮನೆಮನೆಗೆ ಹೋದ ಮೇಲೆ ಹದಿನೈದಾಯಿತು.

ನಿಜವಾಗಿ ಬೆಳೆದಿದ್ದು ಒಂದು ಪುಟ್ಟ ಹುಡುಗಿಯಿಂದ. ಅಣ್ಣ ಒಳಗೆ ಆಡುತ್ತಿದ್ದರೆ ಅವಳು ಹೊರಗೆ ಕೂತಿರುತ್ತಿದ್ದಳು. ಒಂದು ದಿನ, ‘ಆಂಟಿ, ನಾನೂ ಬರ್ಲಾ?’ ಅಂದಳು. ಅಲ್ಲಿವರೆಗೆ ನನಗೆ ಅದು ಹೊಳೆದೇ ಇರಲಿಲ್ಲ. ಬೆಂಗಳೂರಿನ ಕೋಲ್ಸ್ ಪಾರ್ಕ್‌ನಲ್ಲಿ ಎಲ್ಲ ಮಕ್ಕಳೂ ಒಟ್ಟಿಗೆ ಆಡುವುದನ್ನು ನೋಡಿ ಬಂದಿದ್ದೆ, ಇಲ್ಲಿ ಮಾತ್ರ ಬಾಗಿಲು ಹಾಕಿಕೊಂಡಿದ್ದೆ. ಅವತ್ತಿಂದ ತೆಗೆದಿಟ್ಟೆ. ಅವಳ ಹಿಂದೆ ಬೀದಿ ಮಕ್ಕಳೆಲ್ಲ ಬಂದರು. ನಮ್ಮ ಹುಡುಗ ಮುಷ್ಟಿ ಬಿಚ್ಚುವವರೆಗೆ ಕಾಯುವುದನ್ನು ಅವರು ಎರಡೇ ದಿನದಲ್ಲಿ ಕಲಿತರು.

ಈಗ ಶನಿವಾರ, ಭಾನುವಾರ ನಲವತ್ತರ ಮೇಲೆ. ಶೌಚಾಲಯದ ಬಾಗಿಲು ಕಿರಿದಾಯಿತು, ಗಾಲಿಕುರ್ಚಿ ಹೋಗುತ್ತಿಲ್ಲ. ಈ ವಾರ ಅದನ್ನು 90 ಸೆಂಟಿಮೀಟರಿಗೆ ಅಗಲ ಮಾಡಿಸುತ್ತಿದ್ದೇವೆ. ಅಳತೆಪಟ್ಟಿ ಹಿಡಿದು ಮೇಸ್ತ್ರಿ ಪಕ್ಕದಲ್ಲೇ ನಿಂತಿದ್ದೇನೆ.